ಅತ್ತೆಯನ್ನು ಉಳಿಸಿದ ತೆರ್ಮೆ ಸೊಪ್ಪು

ಮನೆಗೆ ಬಂದ ಅತ್ತೆ ಎಷ್ಟು ಬೇಗ ಹೊರಟಾರು ಎಂದು ಕಾಯುವ ಸೊಸೆಯರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರಬಹುದು. ನಾನು ಆ ಪೈಕಿಯಲ್ಲ. ನನಗೆ ನನ್ನ ಅತ್ತೆ ಬೇಕು. ಅವರು ಮನೆಯಲ್ಲಿದ್ದರೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಬಿಸಿ ಕಾಫಿ ಸಿಗುತ್ತದೆ ಎನ್ನುವುದು ಒಂದು ಕಾರಣ. ಗಂಡನನ್ನು ಬೈಯಲು ಜೊತೆ ಸಿಗುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಆದರೆ ಹಾಸನದ ಕಡೆಯಿಂದ ಬಂದ ಅತ್ತೆಗೆ ನಮ್ಮ ಮೂರ್ನಾಡು ಹಿಡಿಸಲಿಲ್ಲ. "ಮಾತಿಗೊಂದು ಜನ ಇಲ್ಲ ಕಣವ್ವ. ಈ ಕಡೆ ಮನೇಲಿ ಕೊಡವ ಮಾತು, ಆ ಕಡೆ ಮನೇಲಿ ಮಲೆಯಾಳ. ನಾನೇನು ಕಾಫಿ ಗಿಡದ ಜೊತೆ ಮಾತಾಡ್ಲಾ? ಭಾನುವಾರ ಬಸ್ ಹತ್ತಿಸ್ಬುಡು" ಎಂದು ಚೀಲ ಕಟ್ಟಿಟ್ಟರು.

ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಮಾರನೆಯ ದಿನ ಪಕ್ಕದ ಮನೆಯ ಬೊಳ್ಳಮ್ಮ ಆಂಟಿ ಬೇಲಿಯ ಮೇಲಿಂದ ಒಂದು ಕಟ್ಟು ತೆರ್ಮೆ ಸೊಪ್ಪು ಕೊಟ್ಟರು. ತೆರ್ಮೆ ಎಂದರೆ ತೋಡಿನ, ಅಂದರೆ ಸಣ್ಣ ಹಳ್ಳದ, ದಡದಲ್ಲಿ ತಾನಾಗಿ ಬೆಳೆಯುವ ಜರಿಗಿಡದ ಎಳೆ ಚಿಗುರು. ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಅತ್ತೆ ಒಂದು ಚಿಗುರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನವ್ವಾ ಇದು, ಸಾವ್ರ ಕಾಲಿನ ಹುಳ ಮಲಗಿದಂಗೈತೆ! ಇದನ್ನ ನನ್ನ ಮಗಂಗೆ ಹಾಕ್ತೀಯಾ?" ಎಂದರು.

ಹಾಕಿದೆ. ಚಿಗುರನ್ನು ಚೆನ್ನಾಗಿ ತೊಳೆದು, ಉಪ್ಪು ನೀರಿನಲ್ಲಿ ಬೇಯಿಸಿ ಬಸಿದು, ಬೆಳ್ಳುಳ್ಳಿ, ಈರುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಹಾಕಿ, ಮೇಲೆ ಕಾಯಿತುರಿ ಉದುರಿಸಿದೆ. ಅವರ ಮಗ ಅಕ್ಕಿರೊಟ್ಟಿಯ ಜೊತೆ ತಿನ್ನುವಾಗ ಅತ್ತೆ ಎದುರು ಕುಳಿತು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಅಡುಗೆಮನೆಗೆ ಹೋದರು. "ಉಪ್ಪು ನೋಡ್ತೀನಿ" ಎಂದರು. ಬಹಳ ಹೊತ್ತು ಉಪ್ಪು ನೋಡಿದರು. ನನ್ನ ಪಾಲಿಗೆ ಬಾಣಲೆಯಲ್ಲಿ ಸಾಸಿವೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಎದ್ದರೆ ಅತ್ತೆ ಇಲ್ಲ! ಫೋನು ಮೇಜಿನ ಮೇಲಿದೆ, ಚಪ್ಪಲಿ ಇಲ್ಲ, ಕಟ್ಟಿಟ್ಟಿದ್ದ ಚೀಲವೂ ಇಲ್ಲ. "ನೀನೇ ಏನೋ ಅಂದಿರ್ತೀಯ" ಎಂದು ನನ್ನ ಗಂಡ ಬೈಕ್ ಹತ್ತಿ ಬಸ್‌ಸ್ಟ್ಯಾಂಡಿಗೆ ಓಡಿದ. ದಾರಿ ಗೊತ್ತಿಲ್ಲದ ಊರು, ಅವರಿಗೆ ಬೇರೆ ಮಂಡಿನೋವು. ಬೊಳ್ಳಮ್ಮ ಆಂಟಿಯನ್ನು ಕೇಳೋಣವೆಂದು ಹೋದರೆ ಆ ಮನೆಗೂ ಬೀಗ. ಆಗ ಕೆಳಗಿನ ತೋಡಿನಿಂದ ಜಗಳದ ದನಿ ಕೇಳಿಸಿತು.

ಬಿದ್ದು ಎದ್ದು ಇಳಿದೆ. ಇಬ್ಬರೂ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ನಿಂತಿದ್ದಾರೆ. ಅತ್ತೆಯ ಚೀಲದ ತುಂಬ ತೆರ್ಮೆ; ಅದರಲ್ಲಿದ್ದ ಬಟ್ಟೆಯೆಲ್ಲ ಮಂಚದ ಕೆಳಗೆ ಹೋಗಿತ್ತೆಂದು ಆಮೇಲೆ ಗೊತ್ತಾಯಿತು.

"ಎಲ್ಲಾ ಕಿತ್ರೆ ಹೆಂಗೆ? ಬುಡುಕ್ಕೆ ಎರಡು ಬಿಡ್ರೀ!" ಎಂದರು ಅತ್ತೆ.

"ನಾನು ಹುಟ್ಟಿದ್ದೇ ಈ ತೋಡಿನ ಪಕ್ಕ. ನೀವು ನಿನ್ನೆ ತಿಂದು ಇವತ್ತು ನಂಗೆ ಹೇಳ್ಕೊಡ್ತೀರಾ?" ಎಂದರು ಆಂಟಿ.

ಅತ್ತೆಯ ಹಿಮ್ಮಡಿಯ ಮೇಲೊಂದು ಜಿಗಣೆ ನಿಶ್ಚಿಂತೆಯಿಂದ ಊಟ ಮಾಡುತ್ತಿತ್ತು. ಅಷ್ಟು ಸಂತೋಷವಾಗಿದ್ದ ಅತ್ತೆಯನ್ನು ನಾನು ನೋಡಿಯೇ ಇರಲಿಲ್ಲ. ಗಂಡನಿಗೆ ಫೋನು ಮಾಡಿ ವಾಪಸು ಬರಹೇಳಿದೆ.

ಭಾನುವಾರ ಬಂತು, ಹೋಯಿತು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಇಬ್ಬರೂ ಜಗಳವಾಡುತ್ತಲೇ ತೋಡಿಗೆ ಇಳಿಯುತ್ತಾರೆ. ನನ್ನನ್ನು ಕರೆಯುವುದಿಲ್ಲ. "ನೀನು ಬೂಟು ಹಾಕ್ಕೊಂಡು ಬುಡ ಎಲ್ಲಾ ತುಳೀತೀಯ" ಎನ್ನುತ್ತಾರೆ ಅತ್ತೆ.

ಕಳೆದ ವಾರ ನನಗೂ ರೋಷ ಬಂದು, ಶಾಲೆಯಿಂದ ಬರುವಾಗ ದಾರಿಬದಿಯಲ್ಲಿ ಕಂಡ ಚಿಗುರನ್ನು ಕಿತ್ತು ತಂದೆ. ಅತ್ತೆ, ಆಂಟಿ ಇಬ್ಬರೂ ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಬೇರೆ ಜರಿ, ಟೀಚರೇ. ತಿಂದ್ರೆ ಹೊಟ್ಟೆ ಕೆಡ್ತದೆ" ಎಂದರು ಆಂಟಿ.

"ಇದಕ್ಕೆ ಬಿಎಡ್ ಬೇರೆ ಮಾಡವ್ಳೆ" ಎನ್ನುತ್ತ ಅತ್ತೆ ಅದನ್ನು ಗೊಬ್ಬರದ ಗುಂಡಿಗೆ ಎಸೆದರು.

ಈಗ ನನ್ನ ಕೆಲಸ ಬೆಳ್ಳುಳ್ಳಿ ಸುಲಿದು ಜಜ್ಜುವುದು. ಅದನ್ನೂ ದಪ್ಪ ದಪ್ಪ ಜಜ್ಜುತ್ತೇನಂತೆ. ಈ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಜಗಳವಿಲ್ಲ.