ಹೊಸಿಲಾಚೆ ನನ್ನ ಕಾಲು

ಓಡಾಡ್ಕೊಂಡಿರೋ ತನಕ ಯಾರಿಗೂ ಏನೂ ಆಗಲ್ಲ. ಒಂದು ಕಡೆ ಸುಮ್ಮನೆ ಮಲಗಿದ್ರು ಅಂದ್ರೆ ಸಾಕು, ಊರಲ್ಲಿರೋ ಫಜೀತಿಗಳೆಲ್ಲ ಮನೆ ವಿಚಾರಿಸ್ಕೊಂಡು ಬರ್ತವೆ. ನಮ್ಮನೇಲಂತೂ ಇದು ತಪ್ಪಿದ್ದೇ ಇಲ್ಲ. ನನ್ನ ಕಾಲು ಮುರಿದಾಗಿನ ಕತೆ ಕೇಳಿ, ನಿಮಗೇ ಗೊತ್ತಾಗುತ್ತೆ.

ನಾನು ಅಮೃತಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಆಗ ಅದು ಊರು ಕಣ್ರಪ್ಪ, ಈಗಿನ ಹಂಗೆ ಸಿಟಿಯಲ್ಲ, ಸುತ್ತ ದ್ರಾಕ್ಷಿ ಚಪ್ಪರ, ಹೂಕೋಸಿನ ಮಡಿ. ತವರಿಂದ ವಾಪಸ್ ಬರೋವಾಗ ಹೆಬ್ಬಾಳದ ಕೆರೆ ಏರಿ ಮೇಲೆ ಎತ್ತುಗಳಿಗೆ ನೀರು ತೋರಿಸೋಣ ಅಂತ ಗಾಡಿ ನಿಲ್ಸಿದ್ರು. ನಾನೂ ಇಳಿಯೋಣ ಅಂತ ಹಾರಿದೆ. ನಾನು ಇಳಿದೆ, ಸೀರೆ ಗಾಡಿ ಗೂಟದಲ್ಲೇ ಉಳೀತು. ಬಿದ್ದ ಏಟಿಗೆ ಎಡಗಾಲಿನ ಹರಡು ಮುರೀತು.

೧. ಬೆಳ್ಳಗೆ, ದುಂಡಗೆ

ಯಲಹಂಕದ ದಾರೀಲಿ ಸಿಂಗಾಪುರ ಅಂತ ಒಂದು ಹಳ್ಳಿ, ಅಲ್ಲಿ ಮೂಳೆ ಕಟ್ಟೋ ವೈದ್ಯ ಒಬ್ಬನಿದ್ದ. ನಮ್ಮ ಯಜಮಾನ್ರು ಅದೇ ಗಾಡೀಲಿ ನನ್ನ ಅಲ್ಲಿಗೆ ಕರ್ಕೊಂಡು ಹೋದ್ರು. ಅವನು ಕಾಲು ಹಿಡಿದು ಒಂದು ಸಲ ತಿರುವಿದ. ನಾನು ಕಿರುಚಿದ ರಭಸಕ್ಕೆ ಹುಣಸೆಮರದಲ್ಲಿದ್ದ ಕಾಗೆ ಎಲ್ಲ ಎದ್ದು ಹೋದ್ವು.

"ಉದ್ದಿನ ಹಿಟ್ಟೈತೆ, ಬಟ್ಟೆ ಐತೆ, ಬಿದಿರು ದಬ್ಬೆ ಐತೆ. ಕೋಳಿಮೊಟ್ಟೆ ಒಂದು ಮುಗ್ದೋಗೈತೆ. ಅಂಗ್ಡೀಗೋಗಿ ತಂದ್ಬಿಡಿ ಸ್ವಾಮಿ, ಕಲಸಿ ಕಟ್ಬಿಡ್ತೀನಿ" ಅಂದ.

ಯಜಮಾನ್ರ ಮುಖ ನನ್ನ ಕಾಲಿಗಿಂತ ಬಾಡೋಯ್ತು. ನಮ್ಮತ್ತೆ ಈಬತ್ತಿ ಇಟ್ಟು ಪೂಜೆ ಮಾಡದೆ ನೀರೂ ಮುಟ್ಟದೋರು. ಆ ಮನೇಲಿ ಮೊಟ್ಟೆ ಅನ್ನೋ ಮಾತೂ ಹೊಸಿಲು ದಾಟಿ ಬಂದಿರಲಿಲ್ಲ. ಇವರು ಹುಟ್ಟಿದಾಗಿಂದ ಮೊಟ್ಟೆ ಕೊಂಡೋರಲ್ಲ. ಹೋದ್ರು. ಅಂಗಡಿ ತುಂಬ ಜನ. ಅದರಲ್ಲಿ ನಮ್ಮ ನೆಂಟರೊಬ್ರು ಬೆಲ್ಲ ತೂಗಿಸ್ತಾ ನಿಂತಿದ್ದಾರೆ!

"ಅದು ಕೊಡಪ್ಪ" ಅಂದ್ರಂತೆ ಮೆಲ್ಲಗೆ.

"ಯಾವ್ದು ಅದು?"

"ಅದೇ ಕಣಯ್ಯ... ಬೆಳ್ಳಗೆ, ದುಂಡಗೆ."

"ತಿನ್ನಾಕಾ?"

"ಛೆ ಛೆ! ತಿನ್ನೋಕಲ್ಲಪ್ಪ! ಬಟ್ಟೆಗೆ, ಬಟ್ಟೆಗೆ!"

ಮೊಟ್ಟೇನ ಬಟ್ಟೆಗೆ ಸವರಿ ತಾನೇ ಕಟ್ಟೋದು? ಅವರು ಹೇಳಿದ್ದು ಸುಳ್ಳಲ್ಲ. ಅಂಗಡಿಯವನು ತಿಳೀತು ಅನ್ನೋ ಹಂಗೆ ತಲೆ ಆಡಿಸಿ ಪೊಟ್ಟಣ ಕಟ್ಟಿ ಕೊಟ್ಟ. ಇವರು ಬಿಚ್ಚಿ ನೋಡೋಕೂ ಹೆದರಿ, ಪಂಚೆ ಮಡಿಕೇಲಿ ಬಚ್ಚಿಟ್ಕೊಂಡು ಓಡಿ ಬಂದ್ರು.

ವೈದ್ಯ ಪೊಟ್ಟಣ ಬಿಚ್ಚಿದ. ಒಳಗೆ ಟ್ರಂಕಿನಲ್ಲಿ ಬಟ್ಟೆ ಮಧ್ಯ ಹಾಕ್ತಾರಲ್ಲ, ಆ ನುಸಿಗುಳಿಗೆ! ಅವನು ಒಂದನ್ನ ಎತ್ತಿ ಮೂಸಿ ನೋಡಿ, ಯಜಮಾನ್ರ ಕಡೆ ತಿರುಗಿ ಹೇಳಿದ:

"ಪಾಪ, ಕೋಳಿಗೆ ಉಸಾರಿಲ್ಲ ಅಂತ ಕಾಣುತ್ತೆ ಸ್ವಾಮಿ."

೨. ಕಾಲು ಹೊರಗೆ, ಸೊಸೆ ಒಳಗೆ

ಕೊನೆಗೆ ವೈದ್ಯನ ಹೆಂಡ್ತಿನೇ ಪಕ್ಕದ ಮನೆಯಿಂದ ಮೊಟ್ಟೆ ತಂದ್ಲು, ಕಟ್ಟು ಬಿತ್ತು. ಮನೆ ಬಾಗಿಲಿಗೆ ಗಾಡಿ ಬಂದಾಗ ಅತ್ತೆ ಆರತಿ ತಟ್ಟೆ ಹಿಡ್ಕೊಂಡು ಅಳ್ತಾ ಬಂದ್ರು. ಕಾಲ ಹತ್ರ ಬಗ್ಗಿದೋರು ಮೂಗು ಮುಚ್ಕೊಂಡು ಹಿಂದಕ್ಕೆ ಸರಿದ್ರು.

"ಇದೇನೋ ಇದು ವಾಸ್ನೆ?"

ಯಜಮಾನ್ರು ಎತ್ತಿನ ಕಡೆ ನೋಡ್ತಾ, "ಔಷ್ದಿ ಕಣವ್ವ" ಅಂದ್ರು.

"ಏನ್ ಔಷ್ದಿ?"

"ಕೋಳಿ... ಕೋಳಿ ಸಂಬಂಧದ್ದು."

ಅತ್ತೆ ಜಗಲಿ ಮೇಲೆ ಕುಸಿದು ಕೂತ್ರು. ಅವರು ಕೆಟ್ಟೋರಲ್ಲ, ನನ್ನ ಕಂಡ್ರೆ ಪ್ರಾಣ. ಆದ್ರೆ ದೇವರಮನೆ ಇರೋ ಮನೆಯೊಳಕ್ಕೆ ಮೊಟ್ಟೆ ಹೆಂಗೆ ಬಿಟ್ಕೊಳ್ಳೋದು? ಹಂಗಂತ ನನ್ನ ಜಗಲಿ ಮೇಲೆ ಮಲಗಿಸಿದ್ರೆ, ಕಾಲು ಮುರಿದ ಸೊಸೇನ ಆಚೆ ಹಾಕಿದ್ಲು ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಬಹಳ ಹೊತ್ತು ಯೋಚನೆ ಮಾಡಿ ತೀರ್ಪು ಕೊಟ್ರು.

"ನೀನು ಒಳಗಿರು ಕಣವ್ವ. ಕಾಲು ಆಚೆ ಇರ್ಲಿ."

ನಡುಮನೇಲಿ ಬಾಗಿಲಿಗೆ ಕಾಲು ಚಾಚಿ ಚಾಪೆ ಹಾಸಿದ್ರು. ಹೊಸಿಲಿಗೆ ಕಾಲು ತಾಕಬಾರದು ಅಂತ ಆ ಕಡೆ ಈ ಕಡೆ ಮಣೆ ಇಟ್ಟು ಮೇಲೊಂದು ಹಲಗೆ. ಜಗಲಿ ಮೇಲೆ ಅಗಲವಾದ ಮಂಕರಿ, ಅದರ ತುಂಬ ಒಣಹುಲ್ಲು, ಹುಲ್ಲಿನ ಮೇಲೆ ನನ್ನ ಕಾಲು. ಅತ್ತೆ ದಿನಾ ತಲೆ ಬಾಚಿ, ತುತ್ತು ಮಾಡಿ ಬಾಯಿಗಿಟ್ಟು, ಹೂ ಮುಡಿಸಿ ಮುದ್ದು ಮಾಡೋರು. ಮೊಣಕಾಲಿಂದಾಚೆ ಮಾತ್ರ ನಾನು ಬೇರೆ ಮನೆಯೋಳು.

ನೋಡೋಕೆ ಬಂದೋರೆಲ್ಲ ಆಚೆನೇ ನಿಂತು ಕಾಲನ್ನ ವಿಚಾರಿಸ್ಕೊಂಡು ಹೊರಟೋಗೋರು. ಅಟ್ಟೂರಿಂದ ಒಬ್ಬ ಅಜ್ಜ ಬಂದಿದ್ದ. ಕಾಲಿನ ಹತ್ರ ಕೂತು ಎಲೆ ಅಡಿಕೆ ಹಾಕ್ಕೊಂಡು ಮಳೆ ಬೆಳೆ ಎಲ್ಲ ಮಾತಾಡಿದ. ಏಳುವಾಗ ಅತ್ತೇನ ಕೇಳಿದ:

"ಕಾಲು ನೋಡ್ದೆ, ಪರವಾಗಿಲ್ಲ. ನಿನ್ ಸೊಸೆ ಎಲ್ ಓಗವ್ಳೆ?"

೩. ಕೆರೆತ

ಕಟ್ಟು ಒಣಗ್ತಾ ಬಂದ ಹಂಗೆ ಒಳಗೆ ಕೆರೆತ ಶುರುವಾಯ್ತು. ಅಯ್ಯೋ ಆ ಕೆರೆತ! ನೋವನ್ನಾದ್ರೂ ತಡ್ಕೋಬಹುದು. ಪೊರಕೆ ಕಡ್ಡಿ ಒಂದನ್ನ ದಬ್ಬೆ ಸಂದೀಲಿ ತೂರಿಸಿ ಕೆರೆಯೋ ಕೆಲಸ ನನ್ನ ನಾದಿನಿದು. ಅವಳಿಗಾಗ ಗಂಡು ನೋಡ್ತಿದ್ರು. ಹಿಂದೆ ಒಂದು ಕಡೆಯೋರು ನೋಡ್ಕೊಂಡು ಹೋಗಿ ಸುದ್ದಿನೇ ಹೇಳಿರಲಿಲ್ಲ. ಈಗ ಯಶವಂತಪುರದಲ್ಲಿ ಮರದ ವ್ಯಾಪಾರ ಮಾಡೋರ ಮಗ ಬರೋದಿತ್ತು. ಯಾವುದೋ ಮದುವೇಲಿ ಅವನ ಕಣ್ಣಿಗೆ ಇವಳು, ಇವಳ ಕಣ್ಣಿಗೆ ಅವನು ಆಗಲೇ ಬಿದ್ದಾಗಿತ್ತು. ಅದು ಅತ್ತೆಗೆ ಗೊತ್ತಿಲ್ಲ, ನನಗೆ ಮಾತ್ರ.

"ಅತ್ತಿಗೆ, ಅವ್ರಮ್ಮ ನಮ್ಮವ್ವನಿಗಿಂತ ಜಾಸ್ತಿ ಮಡಿಯಂತೆ."

"ಇನ್ನೊಂಚೂರು ಕೆಳಗೆ ಕಣೇ."

"ಹೋದ ಕಡೆಯೆಲ್ಲ ಕುಡಿಯೋ ನೀರು ತಾವೇ ತರ್ತಾರಂತೆ. ಮೊಟ್ಟೆ ವಿಷ್ಯ ಗೊತ್ತಾದ್ರೆ ಜಗಲೀನೂ ಹತ್ತಲ್ಲ. ಈ ಸಲ ತಪ್ಪೋದ್ರೆ ನಾನಂತೂ ಬೇರೆ ಯಾರನ್ನೂ ಒಪ್ಪಲ್ಲ ಅತ್ತಿಗೆ."

"ತಪ್ಪಲ್ಲ. ಬಲಗಡೆ, ಬಲಗಡೆ."

"ಅವತ್ತು ಮದುವೇಲಿ ಅವ್ರು ಪಾಯಸ ಬಡಿಸ್ತಾ ಬಂದ್ರು ನೋಡಿ, ನನ್ನ ಎಲೆ ಹತ್ರ ಬಂದಾಗ..."

ಇಲ್ಲಿಗೆ ಬಂದಾಗೆಲ್ಲ ಕಡ್ಡಿ ನಿಂತೋಗೋದು. ಅವಳು ಆಕಾಶ ನೋಡ್ಕೊಂಡು ನಗ್ತಾ ಕೂತ್ಬಿಡೋಳು. ನಾನು ಒಳಗೆ ಕೈ ಮುಗಿದು ಬೇಡ್ಕೊಳ್ಳೋಳು: ದೇವ್ರೇ, ಇವಳ ಮದುವೆ ಬೇಗ ಆಗ್ಲಪ್ಪ, ಅಲ್ಲೀವರೆಗೂ ನನ್ನ ಕೆರೆತ ಹೋಗಲ್ಲ.

೪. ಕಕ್ಕುಲಾತಿ

ಎದುರುಮನೆ ಅಕ್ಕ ಕೋಳಿ ಸಾಕಿದ್ಲು. ಅದರಲ್ಲಿ ಕೆಂದು ಬಣ್ಣದ ಒಂದು ಕೋಳಿಗೆ ನನ್ನ ಮಂಕರಿ ಮೇಲೆ ಮನಸ್ಸಾಯ್ತು. ಮೆತ್ತನೆ ಹುಲ್ಲು, ಪಕ್ಕದಲ್ಲಿ ಬೆಚ್ಚಗೆ ಒಂದು ಕಾಲು, ಇನ್ನೇನು ಬೇಕು ಅದಕ್ಕೆ? ಒಂದಿನ ಬಂದು ಹಿಮ್ಮಡಿ ಹತ್ರ ಕೂತೇ ಬಿಡ್ತು. ನಾನು ಹುಶ್ ಅಂದೆ. ಅದು ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಕೊಳ್ತು. ಎದ್ದು ಹೋದಾಗ ಅಲ್ಲೊಂದು ಮೊಟ್ಟೆ!

ಅತ್ತೆ ಕಂಡ್ರೆ ಗತಿಯೇನು? ನಾದಿನಿ ಓಡಿ ಹೋಗಿ ಎದುರುಮನೆ ಅಕ್ಕನ ಕಿವೀಲಿ ಹೇಳಿದ್ಲು. ಅವಳು ಬಂದು, "ಎಂಗಿದ್ದೀಯವ್ವ, ನೋವು ಕಡ್ಮೆ ಆಯ್ತಾ?" ಅಂತ ಕಾಲು ಸವರೋ ಹಂಗೆ ಮಾಡಿ, ಹುಲ್ಲೊಳಗೆ ಕೈ ಆಡಿಸಿ, ಸೆರಗಲ್ಲಿ ಮುಚ್ಕೊಂಡು ಹೋದ್ಲು. ಅದೇ ಅಭ್ಯಾಸ ಆಯ್ತು. ಕೋಳಿ ಬಂದ ದಿನವೆಲ್ಲ ಅವಳೂ ಬರೋಳು. ಮೊಟ್ಟೆ ಬೇಗ ಸಿಗದಿದ್ರೆ ಕಾಲು ಬಹಳ ಹೊತ್ತು ಸವರೋಳು.

ಅತ್ತೆ ಒಳಗಿಂದ ಇದನ್ನೆಲ್ಲ ನೋಡಿ ಕಣ್ಣಲ್ಲಿ ನೀರು ತಂದ್ಕೊಂಡ್ರು.

"ನೋಡು, ನಮ್ಮ ಜನ ದೂರ ನಿಂತು ಮಾತಾಡಿಸಿ ಹೋಗ್ತಾರೆ. ಇವಳು ಎಷ್ಟು ಕಕ್ಕುಲಾತಿಯಿಂದ ಮುಟ್ಟಿ ಮುಟ್ಟಿ ನೋಡ್ತಾಳೆ! ಹೋಗುವಾಗ ಬರಿಗೈಲಿ ಕಳಿಸ್ಬೇಡ್ರೇ ಅವಳನ್ನ."

"ಇಲ್ಲ ಅತ್ತೆ, ಒಂದಿನಾನೂ ಬರಿಗೈಲಿ ಹೋಗಿಲ್ಲ" ಅಂದೆ.

೫. ಒಪ್ಪಿಗೆ

ಯಶವಂತಪುರದೋರು ಬರೋ ದಿನ ಬಂತು. ಅತ್ತೆ ಎರಡು ಸಲ ಮನೆ ಸಾರಿಸಿದ್ರು. ನನ್ನ ಕಾಲನ್ನ ಒಳಗೆ ಎಳ್ಕೊಳ್ಳೋಕೆ ಮನಸ್ಸಿಲ್ಲ, ಅದು ಆಚೆ ಕಾಣಿಸೋದೂ ಬೇಡ. ಮಂಕರಿ ಮೇಲೆ ಕಂಬಳಿ ಹೊದಿಸಿದ್ರು. ಆ ಕೆಂದು ಕೋಳಿ ಅಷ್ಟರಲ್ಲೇ ಒಳಗೆ ಸೇರ್ಕೊಂಡಿತ್ತು ಅನ್ನೋದು ನನ್ನ ಪಾದಕ್ಕೆ ಗೊತ್ತಾಯ್ತು, ಬಾಯಿ ಬಿಟ್ಟು ಹೇಳೋ ಹಂಗಿರಲಿಲ್ಲ. ಎದುರುಮನೆ ಅಕ್ಕ ಯಲಹಂಕಕ್ಕೆ ಹೋಗಿದ್ಲು.

ಹುಡುಗನ ತಾಯಿ ಚೊಂಬಲ್ಲಿ ನೀರು ಹಿಡ್ಕೊಂಡೇ ಬಂದ್ರು. ಆಕೆ ಒಳಗೆ ನನ್ನ ತಲೆ ಹತ್ರ ಕೂತ್ರು. ಹುಡುಗ ಹೊಸ ಕೋಟು ಹಾಕ್ಕೊಂಡು, ಜಗಲಿ ಮೇಲೆ ನನ್ನ ಕಾಲ ಹತ್ರ ಕೂತ. ನಮ್ಮ ಯಜಮಾನ್ರು ಅವನ ಪಕ್ಕ.

"ಕಾಲಿಗೆ ಏನ್ ಕಟ್ಟಿದ್ದೀರಿ?" ಕೇಳಿದ್ರು ತಾಯಿ.

ಹುಟ್ಟಿದಾಗಿಂದ ಸುಳ್ಳು ಹೇಳದ ನಮ್ಮತ್ತೆ ದೇವರಮನೆ ಕಡೆ ಬೆನ್ನು ತಿರುಗಿಸಿ, "ಸೊಪ್ಪು ಕಣ್ರೀ" ಅಂದ್ರು.

ಅಷ್ಟೇ. ಕಂಬಳಿ ಒಳಗಿಂದ ಕೊಕ್ಕೊಕ್ಕೋ ಅಂತ ಕೋಳಿ ಎದ್ದು ಹಾರ್ತು. ಕಂಬಳಿ ಜಾರಿ ಬಿತ್ತು. ಹುಲ್ಲಿನ ಮೇಲೆ, ನನ್ನ ಹೆಬ್ಬೆರಳ ಪಕ್ಕ, ಆಗ ತಾನೇ ಇಟ್ಟ ಮೊಟ್ಟೆ.

"ಅದೇನು ಕೋಳಿ?" ಅಂತ ತಾಯಿ ಎದ್ದು ಹೊಸಿಲ ಹತ್ರ ಬಂದೇ ಬಿಟ್ರು. ನಾದಿನಿ ಕಾಫಿ ತಟ್ಟೆ ಹಿಡ್ಕೊಂಡು ಪಕ್ಕದ ಬಾಗಿಲಲ್ಲಿ ನಿಂತಿದ್ಲು. ಅವಳ ಮುಖ ನೋಡಿ, ಎದ್ದು ಅಡ್ಡ ನಿಲ್ಲೋಣ ಅಂದ್ರೆ ಕಾಲಿಲ್ಲ.

ಆಗ ಬಂತು ನೋಡಿ, ಜಕ್ಕೂರಿನ ಪುಟ್ಟ ವಿಮಾನ! ಹೊಸಬರು ಹಾರಿಸೋದು ಕಲಿಯೋ ವಿಮಾನ ಅದು, ನಮ್ಮ ಹಂಚಿಗೆ ತಗಲೇ ಬಿಡುತ್ತೇನೋ ಅನ್ನೋ ಹಂಗೆ ಬಂತು. ತಾಯಿ ಹಣೆಗೆ ಕೈ ಅಡ್ಡ ಇಟ್ಕೊಂಡು ಮೇಲೆ ನೋಡಿದ್ರು. ಅತ್ತೆ, ಯಜಮಾನ್ರು, ಎಲ್ಲರೂ ಮೇಲೆ ನೋಡಿದ್ರು. ಮೇಲೆ ನೋಡದೆ ಇದ್ದೋರು ನಾವು ಮೂರೇ ಜನ. ಹುಡುಗ ನಾದಿನಿ ಮುಖ ನೋಡ್ತಿದ್ದ, ಅವಳು ಮೊಟ್ಟೆ ನೋಡ್ತಿದ್ಲು, ನಾನು ಇಬ್ಬರನ್ನೂ ನೋಡ್ತಿದ್ದೆ. ಅವಳ ಕಣ್ಣು ಹಿಡ್ಕೊಂಡು ಅವನ ಕಣ್ಣೂ ಕೆಳಗೆ ಬಂತು. ಮೆಲ್ಲಗೆ ಕೈ ಚಾಚಿದ, ಮೊಟ್ಟೆ ತಗೊಂಡ, ಕೋಟಿನ ಬಲಗಡೆ ಜೇಬಿಗೆ ಬಿಟ್ಕೊಂಡು ದೊಡ್ಡ ಮನುಷ್ಯನ ಹಂಗೆ ಗಂಟಲು ಸರಿ ಮಾಡ್ಕೊಂಡ.

"ಆ ಕೋಳಿ ಯಾಕೋ ಹಂಗೆ ಬಡ್ಕೊಳ್ತು?" ಅಂದ್ರು ತಾಯಿ.

"ವಿಮಾನಕ್ಕೆ ಹೆದರಿ ಕಣಮ್ಮ" ಅಂದ ಹುಡುಗ.

ಆಮೇಲೆ ಎಲ್ಲ ಸಲೀಸು. ಕಾಫಿ ಆಯ್ತು, ಮಾತಾಯ್ತು. ತಾಯಿ, "ನಮಗೇನೋ ಒಪ್ಪಿಗೆ, ಹುಡುಗ ಏನಂತಾ..." ಅನ್ನೋಷ್ಟರಲ್ಲೇ ಅವನು ಹೂಂ ಅಂದಾಗಿತ್ತು.

"ಹಂಗಾದ್ರೆ ಅತ್ತೆಯಾಗೋರ ಕಾಲಿಗೆ ಬೀಳೋ."

ಹುಡುಗ ಎದ್ದು, ಒಂದು ಕೈ ಜೇಬಿನ ಮೇಲಿಟ್ಕೊಂಡು ವಾರೆಯಾಗಿ ಬಗ್ಗಿದ.

"ಇದೇನೋ ಸೊಟ್ಟಗೆ ಬಗ್ತಾ ಇದ್ದೀಯ? ನೆಟ್ಟಗೆ ಉದ್ದಕ್ಕೆ ಬೀಳು!" ಅಂತ ತಾಯಿ ಬೆನ್ನಿನ ಮೇಲೆ ಕೈ ಇಟ್ಟು ಒತ್ತೇ ಬಿಟ್ರು. ಪಟಕ್ ಅಂತ ಸಣ್ಣ ಶಬ್ದ. ಅವನು ಎದ್ದು ನಿಂತಾಗ ಹೊಸ ಕೋಟಿನ ಮೇಲೆ ಹಳದಿ ಗೆರೆ ಮೆಲ್ಲಗೆ ಇಳೀತಾ ಇದೆ.

ಅದನ್ನ ಮೊದಲು ಕಂಡೋರು ಅತ್ತೆ. ಅವರ ಮೂಗಿಗೆ ಆ ವಾಸನೆ ಚೆನ್ನಾಗಿ ಪರಿಚಯ ಇತ್ತು. ಹುಡುಗನ್ನ ನೋಡಿದ್ರು, ಮಗಳನ್ನ ನೋಡಿದ್ರು. ಅವಳು ಕಣ್ಣು ತುಂಬ ನೀರು ತುಂಬ್ಕೊಂಡು ನಿಂತಿದ್ಲು. ಅತ್ತೆ ತಾಂಬೂಲದ ತಟ್ಟೆಯಿಂದ ಹಿಡಿ ತುಂಬ ಅರಿಶಿನ ಎತ್ಕೊಂಡು, ನೀರಲ್ಲಿ ಅದ್ದಿ, ಹುಡುಗನ ಜೇಬಿಗೆ ಬಳಬಳ ಬಳಿದೇ ಬಿಟ್ರು! ಮೇಲಿಂದ ಕೆಳಗೆ, ಒಳಗೂ ಕೈ ಹಾಕಿ!

"ಏನ್ರೀ ಇದು, ಹೊಸ ಕೋಟಿಗೆ?" ಅಂತ ತಾಯಿ ಬಾಯಿ ಬಿಟ್ರು.

"ನಮ್ಮ ಮನೆ ಶಾಸ್ತ್ರ ಕಣ್ರೀ. ಒಪ್ಪಿಗೆ ಆದ ತಕ್ಷಣ ಅಳಿಯನ ಜೇಬಿಗೆ ಅರಿಶಿನ ಹಚ್ಬೇಕು. ಆ ಜೇಬು ಯಾವತ್ತೂ ಬರಿದಾಗಲ್ಲ ಅಂತ."

"ನೋಡಿ, ಹಿರೀಕರು ಎಷ್ಟು ಯೋಚ್ನೆ ಮಾಡಿ ಇಟ್ಟಿದ್ದಾರೆ! ನಮ್ಮಲ್ಲಿ ಇದೆಲ್ಲ ಮರ್ತೇ ಹೋಗಿದೆ" ಅಂತ ಹುಡುಗನ ತಾಯಿ ನಮ್ಮತ್ತೆ ಕೈ ಹಿಡ್ಕೊಂಡ್ರು. ಯಾವ ಕೈ ಅಂತೀರಿ, ಅದೇ ಕೈ.

ಅವರ ಗಾಡಿ ತಿರುವು ದಾಟಿದ ಮೇಲೆ ಅತ್ತೆ ತಮ್ಮ ಕೈನ ಒಂದು ಗಳಿಗೆ ನೋಡ್ಕೊಂಡ್ರು. ಸೀದಾ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಸುರ್ಕೊಂಡು ಬಂದು ನನಗೆ ಹೇಳಿದ್ರು: "ಕಾಲು ಒಳಗೆ ಎಳ್ಕೊಳವ್ವ. ಇನ್ನೇನು ಉಳೀತು."

ಮದುವೆ ಚೆನ್ನಾಗಾಯ್ತು, ನಾದಿನಿ ಚೆನ್ನಾಗಿ ಬಾಳಿದ್ಲು, ಮಕ್ಕಳು ಮೊಮ್ಮಕ್ಕಳಾದ್ರು. ಆದ್ರೆ ಅವಳತ್ತೆ ಆ ಶಾಸ್ತ್ರ ಬಿಡಲೇ ಇಲ್ಲ. ತಮ್ಮ ಬಳಗಕ್ಕೆಲ್ಲ ಕಲಿಸಿ ಹೋದ್ರು. ಈಚೆಗೆ ಅವರ ಕಡೆ ಹುಡುಗನೊಬ್ಬನಿಗೆ ಹೆಣ್ಣು ನೋಡೋಕೆ ಹೋದಾಗ, ಎಲ್ಲ ಒಪ್ಪಿಗೆ ಆದ ಮೇಲೂ ಹೆಣ್ಣಿನ ಕಡೆಯೋರು ಸುಮ್ಮನೆ ಕೂತಿದ್ರಂತೆ. ಹುಡುಗನ ದೊಡ್ಡಪ್ಪ ಎದ್ದು ನಿಂತು, ಸಿಟ್ಟಲ್ಲಿ ಹುಡುಗನ ಜೇಬು ತೋರಿಸಿ ಕೇಳಿದ್ರಂತೆ:

"ಏನ್ರೀ, ನಿಮ್ಮನೇಲಿ ಶಾಸ್ತ್ರ ಸಂಪ್ರದಾಯ ಏನೂ ಇಲ್ವಾ?"