ಬ್ರೇಕ್ ಮೇಷ್ಟ್ರ ಮೊದಲ ರೇಸು

ಮುಖದ ತುಂಬ ಸೋಪಿನ ನೊರೆ ಇದ್ದಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಬ್ರೇಕ್ ಮೇಷ್ಟ್ರು ಮುಚ್ಚಿಕೊಳ್ಳಲಿಲ್ಲ. ಆ ಭಾನುವಾರದ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಸೆಲೂನಿನ ಟೀವಿಯಲ್ಲಿ ಕಾರ್ಟ್ ರೇಸ್ ಬರುತ್ತಿತ್ತು. ಬಾಗಿಲಿಲ್ಲದ, ಚಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಪುಟ್ಟ ಗಾಡಿಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡ ಇಲಿಮರಿಗಳ ಹಾಗೆ ತಿರುವಿನಲ್ಲಿ ನುಗ್ಗುತ್ತಿದ್ದವು. ಮೇಷ್ಟ್ರು ಅದನ್ನು ಕನ್ನಡಿಯಲ್ಲೇ ನೋಡಿ, "ಥೂ, ಒಬ್ಬನಿಗಾದ್ರೂ ತಿರುವು ತಗೊಳ್ಳೋಕೆ ಬರುತ್ತಾ ನೋಡು! ನಾನೇನಾದ್ರೂ ಅಲ್ಲಿದ್ದಿದ್ರೆ ಇವರನ್ನೆಲ್ಲ ಒಂದೇ ಸುತ್ತಿಗೆ ಮನೆಗೆ ಕಳಿಸ್ತಿದ್ದೆ" ಅಂದರು.

ಸೆಲೂನಿನವನ ಕತ್ತಿ ಗಾಳಿಯಲ್ಲೇ ನಿಂತಿತು. "ಹೌದಾ ಮೇಷ್ಟ್ರೇ? ಊರಾಚೆ ಅಂಥದ್ದೇ ಟ್ರ್ಯಾಕ್ ಇದೆಯಲ್ಲ. ಇವತ್ತು ಮನೆಮಂದಿಗೆಲ್ಲ ರೇಸ್ ಇಟ್ಟಿದ್ದಾರಂತೆ. ನಾವು ಹೋಗ್ತಿದೀವಿ. ಬರ್ತೀರಾ?"

ಕೇಳಿದವನು ಕತ್ತಿಯನ್ನು ಮತ್ತೆ ಗಂಟಲ ಹತ್ತಿರ ತಂದಿದ್ದ. ಅಂಥ ಹೊತ್ತಿನಲ್ಲಿ ಇಲ್ಲ ಅನ್ನುವುದು ಕಷ್ಟ.

"ಬರದೆ ಏನು!" ಅಂದರು ಮೇಷ್ಟ್ರು.

ಮೇಷ್ಟ್ರದು ಡ್ರೈವಿಂಗ್ ಸ್ಕೂಲು. ಆ ಬೀದಿಯಲ್ಲಿ ಲೈಸೆನ್ಸ್ ಇದ್ದವರೆಲ್ಲ ಅವರಿಂದ ಬೈಸಿಕೊಂಡೇ ಕಲಿತವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ತಮಗಾಗಿಯೇ ಕೂರಿಸಿದ್ದ ಇನ್ನೊಂದು ಜೊತೆ ಕ್ಲಚ್ಚು ಬ್ರೇಕುಗಳ ಮೇಲೆ ಪಾದ ಊರಿಕೊಂಡೇ ಅವರ ಅರ್ಧ ಆಯಸ್ಸು ಸವೆದಿತ್ತು. ಬೆಕ್ಕು ಅಡ್ಡ ಬಂದರೆ ಬ್ರೇಕು. ಬೆಕ್ಕು ಬರಬಹುದು ಅನ್ನಿಸಿದರೂ ಬ್ರೇಕು. ಹೆಸರು ಬಂದದ್ದೇ ಹಾಗೆ. ಆದರೆ ಒಂದು ಸಂಗತಿ ಯಾರಿಗೂ ಹೊಳೆದಿರಲಿಲ್ಲ. ಬೆಳಿಗ್ಗೆ ಒಬ್ಬ ಶಿಷ್ಯ ಮನೆಯಿಂದ ಕರೆದೊಯ್ದರೆ ಸಂಜೆ ಇನ್ನೊಬ್ಬ ತಂದು ಬಿಡುತ್ತಿದ್ದ. ಮೇಷ್ಟ್ರು ಸ್ವತಃ ಸ್ಟಿಯರಿಂಗ್ ಹಿಡಿದು ಎಷ್ಟೋ ವರ್ಷಗಳಾಗಿದ್ದವು.

ಅವರು ಕೆನ್ನೆ ಸವರಿಕೊಳ್ಳುತ್ತ ಮನೆಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿತ್ತು. ಸುದ್ದಿಯ ಹೆಸರು ಬೇಕರಿ ಅಕ್ಕ.

"ಏನ್ ಮೇಷ್ಟ್ರೇ, ರೇಸಿಗೆ ಹೊರಟಿದ್ದೀರಂತೆ! ಬ್ರೆಡ್ಡೆಲ್ಲ ಖರ್ಚಾಯ್ತೋ ಇಲ್ವೋ ಅಂತಾನೂ ನೋಡದೆ ಅಂಗಡಿ ಮುಚ್ಚಿ ಬಂದೆ. ನನಗೆ ರಿವರ್ಸ್ ಕಲಿಸುವಾಗ ಏನು ಬೈಗುಳ ಬೈದಿದ್ರಿ! ಇವತ್ತು ನೀವು ಓಡಿಸೋದನ್ನ ಕಣ್ತುಂಬ ನೋಡ್ಬೇಕು."

ಒಳಗಿನಿಂದ ಮಗಳು ಹಾರಿಬಂದಳು. ಮನೆಯಲ್ಲಿ ಅವಳನ್ನು ಕರೆಯುವುದು ಬುಗುರಿ ಅಂತ, ನಿಂತಲ್ಲಿ ನಿಂತವಳಲ್ಲ. "ಅಪ್ಪಾ, ಕೊನೆಗೂ ಒಪ್ಪಿದ್ಯಲ್ಲ! ನಾನು ಎಷ್ಟು ದಿನದಿಂದ ಕೇಳ್ತಿದ್ದೆ! ಮಕ್ಕಳಿಗೂ ಬೇರೆ ಕಾರ್ಟ್ ಇದೆ ಗೊತ್ತಾ?"

ಅಪಾಯ, ದೊಡ್ಡವಳಾಗು, ಆಮೇಲೆ ನೋಡೋಣ ಎಂದೆಲ್ಲ ಹೇಳಿ ಇಷ್ಟು ದಿನ ತಳ್ಳಿಕೊಂಡು ಬಂದಿದ್ದ ಮೇಷ್ಟ್ರು ಕೊನೆಯ ಉಪಾಯ ಹೂಡಿದರು. "ನನಗೆ ಯಾಕೋ ಸ್ವಲ್ಪ ಬೆನ್ನು ಹಿಡ್ಕೊಂಡಿದೆ..."

"ಬೆಳಿಗ್ಗೆ ಬೀರು ಎಳೆಯುವಾಗ ಹಿಡ್ಕೊಂಡಿರಲಿಲ್ವಲ್ಲ ರೀ" ಅನ್ನುತ್ತ ಹೆಂಡತಿ ಅವರ ಬೂಟು ತಂದು ಮುಂದಿಟ್ಟಳು. ಆಕೆ ಆಗಲೇ ತನ್ನ ಬೂಟಿನ ಲಾಡಿ ಕಟ್ಟಿಯಾಗಿತ್ತು.

ಹೊರಗೆ ಎದುರುಮನೆ ಎಲೆಕ್ಟ್ರಿಷಿಯನ್ನನ ವ್ಯಾನು ಹಾರ್ನ್ ಹೊಡೆಯಿತು. ವೈರಿನ ಸುರುಳಿಗಳ ನಡುವೆ ಸೆಲೂನಿನವನು ಮಡಚಿಕೊಂಡು ಕೂತಿದ್ದ. ಮೇಷ್ಟ್ರನ್ನು ಮರ್ಯಾದೆಯಿಂದ ಮುಂದಿನ ಸೀಟಿನಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಅವರು ಇಲ್ಲದ ಬ್ರೇಕನ್ನು ಎಷ್ಟು ತುಳಿದರೆಂದರೆ, ಇಳಿಯುವ ಹೊತ್ತಿಗೆ ಕಾಲಡಿಯ ರಬ್ಬರ್ ಚಾಪೆ ಬೂಟಿಗೆ ಅಂಟಿಕೊಂಡೇ ಬಂತು.

ಟ್ರ್ಯಾಕಿನ ಸುತ್ತ ಹಳೆಯ ಟಯರುಗಳ ಗೋಡೆ. ಬೇಲಿಯ ಆಚೆ ಮರದ ಬೆಂಚುಗಳು, ಅಲ್ಲಿ ಅಜ್ಜಂದಿರು, ತೊಟ್ಟಿಲ ಕೂಸುಗಳು, ತಿಂಡಿ ಡಬ್ಬಿಗಳು. ಪೆಟ್ರೋಲಿನ ವಾಸನೆ. ಕೋಚ್ ಒಬ್ಬ ಎತ್ತರದ ಹೆಂಗಸು; ಕತ್ತಿನಲ್ಲಿ ಸೀಟಿ, ಮುಖದಲ್ಲಿ ಯಾವುದಕ್ಕೂ ಗಾಬರಿಯಾಗದ ನಗು.

ಮೊದಲು ಮಕ್ಕಳ ಸರದಿ. ಬುಗುರಿಗೆ ಹೆಲ್ಮೆಟ್ಟು, ಕತ್ತಿಗೆ ದಪ್ಪ ಪಟ್ಟಿ, ಪಕ್ಕೆಗೆ ಕವಚ, ಕೈಗೆ ಗವಸು ಹಾಕಿದಾಗ ಒಳಗೆ ಮಗಳು ಇದ್ದಾಳೋ ಇಲ್ಲವೋ ಎಂದು ಮೇಷ್ಟ್ರು ತಟ್ಟಿ ನೋಡಿದರು. "ಮಕ್ಕಳ ಕಾರ್ಟಿನ ವೇಗ ನನ್ನ ಕೈಲಿದೆ ಸಾರ್, ಇಲ್ಲಿಂದಲೇ ಕಮ್ಮಿ ಮಾಡಬಹುದು" ಎಂದು ಕೋಚ್ ಒಂದು ರಿಮೋಟು ತೋರಿಸಿದಳು. ಮೇಷ್ಟ್ರಿಗೆ ಆ ರಿಮೋಟಿನ ಮೇಲೆ ತುಂಬಾ ಆಸೆಯಾಯಿತು. ಬುಗುರಿ ಮೊದಲ ಸುತ್ತಿನಲ್ಲಿ ತಡವರಿಸಿದಳು, ಎರಡನೆಯದರಲ್ಲಿ ಸುಧಾರಿಸಿಕೊಂಡಳು, ಆಮೇಲೆ ನೀರಿಗೆ ಬಿಟ್ಟ ಮೀನು.

"ನೋಟ ತಿರುವಿನ ಆಚೆ ಇಟ್ಟಿದ್ದಾಳೆ, ನೋಡಿ. ಕಣ್ಣು ಹೋದ ಕಡೆ ಗಾಡಿ ಹೋಗುತ್ತೆ" ಅಂದಳು ಕೋಚ್. ಕೆಳಗಿಳಿದ ಬುಗುರಿಗೆ ಮಾತೇ ನಿಲ್ಲಲಿಲ್ಲ. "ಆಂಟಿ, ನಮ್ಮಪ್ಪ ಊರಿಗೆಲ್ಲ ಕಲಿಸಿರೋದು! ಈಗ ನೋಡಿ ನೀವು!"

ಕೋಚ್ ಮೇಷ್ಟ್ರ ಕಡೆ ಗೌರವದಿಂದ ತಿರುಗಿದಳು. ಮೇಷ್ಟ್ರು ಮಳೆ ಬಂದೀತೇ ಎಂದು ಆಕಾಶ ನೋಡಿದರು.

ದೊಡ್ಡವರ ಅಭ್ಯಾಸದ ಸುತ್ತು ಬಂತು. ಕಾರ್ಟಿನ ಸೀಟು ಬಕೆಟ್ಟಿನ ಹಾಗಿತ್ತು. ಮೇಷ್ಟ್ರು ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡರು. ಎಲೆಕ್ಟ್ರಿಷಿಯನ್ನು ಭುಜ ಹಿಡಿದು ಅದುಮಿದ, ಸೆಲೂನಿನವನು ಮೊಣಕಾಲು ಹಿಡಿದು ಎಳೆದ. ಬಾಟಲಿಗೆ ಬಿರಡೆ ಕೂತ ಹಾಗೆ ಪಚಕ್ಕನೆ ಕೂತರು. ಸೀಟ್ ಬೆಲ್ಟಿಗಾಗಿ ತಡಕಾಡಿದರು. ಇಲ್ಲ. ಹಿಂದೆ ನೋಡುವ ಕನ್ನಡಿ? ಅದೂ ಇಲ್ಲ. ಹಾರ್ನ್? ಎಲ್ಲಿಯದು. ಕೆಳಗೆ ಎರಡೇ ಪೆಡಲು: ಎಡಕ್ಕೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು.

"ಇದೇನಮ್ಮ, ಕ್ಲಚ್ಚೇ ಇಲ್ಲ?"

"ಗೇರೂ ಇಲ್ಲ ಸಾರ್. ಒತ್ತಿದ್ರೆ ಹೋಗುತ್ತೆ, ತುಳಿದ್ರೆ ನಿಲ್ಲುತ್ತೆ. ಎರಡನ್ನೂ ಒಟ್ಟಿಗೆ ಮಾಡ್ಬೇಡಿ."

ಮೇಷ್ಟ್ರ ತಲೆಗೆ ಅರ್ಥವಾಯಿತು. ಎಡಗಾಲಿಗೆ ಯಾರು ಹೇಳಬೇಕು? ಅದು ಬದುಕಿಡೀ ಕ್ಲಚ್ಚು ತುಳಿದ ಕಾಲು. ಕಾರ್ಟು ಸ್ವಲ್ಪ ವೇಗ ಹಿಡಿದದ್ದೇ ತಡ, ಗೇರು ಬದಲಿಸುವ ಹೊತ್ತಾಯಿತು ಎಂದುಕೊಂಡು ತನ್ನಷ್ಟಕ್ಕೆ ತಾನೇ ಕೆಳಗಿನವರೆಗೂ ಒತ್ತಿತು. ಗಾಡಿ ಗಕ್ಕನೆ ಕಚ್ಚಿಕೊಂಡು, ಹಿಂಭಾಗ ಮುಂದಾಗಿ, ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಗೆ ಎಲೆಕ್ಟ್ರಿಷಿಯನ್ನು ಬರುತ್ತಿದ್ದ.

"ಮೇಷ್ಟ್ರೇ, ಒನ್ ವೇ!" ಎಂದು ಕೂಗಿ ಪಕ್ಕಕ್ಕೆ ತಿರುಗಿಸಿಕೊಂಡು ಹೋದ.

ಕೋಚ್ ಓಡಿಬಂದು ಗಾಡಿ ತಿರುಗಿಸಿ ಕೊಟ್ಟಳು. ಮುಂದಿನ ತಿರುವಿಗೆ ಮೇಷ್ಟ್ರು ಬಹಳ ಎಚ್ಚರದಿಂದ ಬಂದರು. ಎಷ್ಟು ಎಚ್ಚರ ಅಂದರೆ, ಬಲಗೈಯನ್ನು ಪೂರ್ತಿ ಹೊರಗೆ ಚಾಚಿ ಸಿಗ್ನಲ್ ಕೊಟ್ಟರು. ಒಂದೇ ಕೈಗೆ ಸ್ಟಿಯರಿಂಗ್ ಬಗ್ಗಲಿಲ್ಲ. ಟಯರಿನ ಗೋಡೆ ಅವರನ್ನು ಹಾಸಿಗೆಯ ಹಾಗೆ ಮೆತ್ತಗೆ ಬರಮಾಡಿಕೊಂಡಿತು. ಬೆಂಚುಗಳ ಕಡೆಯಿಂದ ಚಪ್ಪಾಳೆ ಬಿತ್ತು. ಬೇಕರಿ ಅಕ್ಕ ಪಕ್ಕದಲ್ಲೇ ಹಾದುಹೋಗುತ್ತ, "ಹಾರ್ನ್ ಇಲ್ಲ ಮೇಷ್ಟ್ರೇ, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ, ಪೀ ಪೀ!" ಎಂದು ಕೂಗಿದಳು. ಸೆಲೂನಿನವನು ಎರಡು ಸಲ ಹಿಂದೆ ಹಾಕಿ, ಎರಡೂ ಸಲ ನಮಸ್ಕಾರ ಮಾಡಿ ಹೋದ. ಇನ್ನು ಹೆಂಡತಿ. ಆಕೆ ಯಾವಾಗ ಬಂದಳು, ಯಾವಾಗ ಹೋದಳು ಎಂದೇ ಕಾಣಲಿಲ್ಲ. ಒಂದು ಗಾಳಿ ಬೀಸಿದ ಹಾಗಾಯಿತು, ಅಷ್ಟೆ. ಕಾರು ಕಲಿಸಿ ಎಂದು ಕೇಳಿದಾಗಲೆಲ್ಲ 'ನಿನಗೆ ಸುಸ್ತಾಗುತ್ತೆ ಬಿಡೆ' ಎಂದಿದ್ದ ಗಂಡನಿಗೆ ಈಗ ನೋಡುವುದಕ್ಕೇ ಸುಸ್ತಾಯಿತು.

ಅಭ್ಯಾಸ ಮುಗಿಸಿ ಬಂದ ಮೇಷ್ಟ್ರು ಒಂದು ಟಯರಿನ ಮೇಲೆ ಕುಸಿದರು. ಬೆಂಚಿನ ಮೇಲೆ ಯಾರೋ ಅಜ್ಜ, "ಅವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರಂತೆ" ಎಂದು ಪಕ್ಕದವರಿಗೆ ಹೇಳಿದ್ದೂ, ಪಕ್ಕದವರು, "ಪಾಪ, ಸೇರಿ ಎಷ್ಟು ದಿನ ಆಯ್ತಂತೆ?" ಎಂದು ಕೇಳಿದ್ದೂ ಕಿವಿಗೆ ಬಿತ್ತು. ಇನ್ನು ನಾಳೆಯಿಂದ ಯಾರಿಗೆ ಬೈಯುವುದು, ಯಾವ ಮುಖ ಇಟ್ಟುಕೊಂಡು ಬೈಯುವುದು? ಬೆನ್ನು ನಿಜವಾಗಿಯೂ ಹಿಡಿದುಕೊಳ್ಳಲಿ ಎಂದು ಮನಸಾರೆ ಬೇಡಿಕೊಂಡರು.

ಬುಗುರಿ ಬಂದು ಪಕ್ಕದಲ್ಲಿ ಕೂತಳು. ನಗುತ್ತಾಳೆ ಎಂದು ಮೇಷ್ಟ್ರು ಕಾದರು. ಅವಳು ನಗಲಿಲ್ಲ.

"ಅಪ್ಪಾ, ನಿಂಗೆ ಹೆದರಿಕೆ ಆಗ್ತಿದೆಯಾ?"

"ನಂಗಾ? ಹೆದರಿಕೆನಾ?" ಆಮೇಲೆ ಸಣ್ಣಗೆ, "ಸ್ವಲ್ಪ" ಅಂದರು.

"ನಂಗೂ ಮೊದಲನೇ ಸುತ್ತಲ್ಲಿ ಆಯ್ತು. ಹೋಗ್ತಾ ಹೋಗ್ತಾ ಹೋಯ್ತು. ನೀನು ಎಡಗಾಲನ್ನ ಹಿಂದಕ್ಕೆ ಎಳ್ಕೊಂಡು ಕೂತ್ಕೋ, ತಿರುವು ಬಂದಾಗ ಮಾತ್ರ ಮುಂದಕ್ಕೆ ತಗೊ. ಕೈ ಹೊರಗೆ ಹಾಕ್ಬೇಡ. ಯಾರಿಗೂ ಕಲಿಸೋಕೆ ಹೋಗ್ಬೇಡ. ಸುಮ್ನೆ ಖುಷಿಯಾಗಿ ಓಡ್ಸು."

ಖುಷಿಯಾಗಿ ಓಡಿಸುವುದು! ಇಷ್ಟು ವರ್ಷಗಳ ಪಾಠದಲ್ಲಿ ಮೇಷ್ಟ್ರು ಯಾರಿಗೂ ಈ ಮಾತು ಹೇಳಿರಲಿಲ್ಲ. ಗಾಡಿ ಓಡಿಸುವುದು ಅಂದರೆ ಹಲ್ಲು ಕೀಳಿಸಿಕೊಂಡ ಹಾಗೆ, ಉಸಿರು ಬಿಗಿಹಿಡಿದು ಮುಗಿಸಬೇಕಾದ್ದು ಎಂದೇ ಅವರ ನಂಬಿಕೆ. ಮಗಳ ತಲೆ ನೇವರಿಸಿ ಎದ್ದರು.

ಕೋಚ್ ಸೀಟಿ ಊದಿದಳು. ರೇಸ್ ಶುರು. ಎಲ್ಲರೂ ಬುರ್ರನೆ ಹೊರಟರು, ಮೇಷ್ಟ್ರು ಮಾತ್ರ ಎಡಬಲ ನೋಡಿ ಹೊರಟರು. ಮೊದಲ ಸುತ್ತಿನಲ್ಲಿ ಕೊನೆಯವರು. ಎರಡನೆಯದರಲ್ಲೂ ಕೊನೆಯವರೇ. ಆದರೆ ಗಾಡಿ ಈ ಸಲ ಗಿರ್ರನೆ ತಿರುಗಲಿಲ್ಲ. ಎಡಗಾಲು ಹೇಳಿದ ಮಾತು ಕೇಳಿತು. ಒಂದು ದೊಡ್ಡ ತಿರುವಿನಲ್ಲಿ ಕಣ್ಣನ್ನು ಆಚೆ ಕಡೆಗೆ ನೆಟ್ಟರು. ಗಾಡಿ ಕರೆದ ನಾಯಿಮರಿಯ ಹಾಗೆ ಅಲ್ಲಿಗೇ ಓಡಿತು. ಹೆಲ್ಮೆಟ್ಟಿನೊಳಗೆ ಯಾರೋ "ಹೋಯ್!" ಅಂದರು. ಅಂದವರು ತಾವೇ ಎಂದು ಗೊತ್ತಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಮೇಷ್ಟ್ರು ಸುತ್ತುಗಳ ಲೆಕ್ಕ ಬಿಟ್ಟರು. ಟೀವಿಯಲ್ಲಿ ಕಂಡ ಹಾಗೆ ಗಾಳಿಗೆ ಸಿಗದಂತೆ ತಲೆ ಬಗ್ಗಿಸಿ, ಮುಂದಿನ ಗಾಡಿಯ ಚಕ್ರ ಬಿಟ್ಟರೆ ಬೇರೇನೂ ಕಾಣದಂತೆ ಕೂತು ಆಕ್ಸಿಲರೇಟರು ಒತ್ತಿದರು. ನೇರದಾರಿ ಹಾರಿಹೋಯಿತು. ಮುಂದೆ ಸೆಲೂನಿನವನು. ಬಲಕ್ಕೆ ಹೊಕ್ಕು ಹಿಂದೆ ಹಾಕಿದರು! ಅವನು ಕೈ ಎತ್ತಿ ಏನೋ ಅಂದ, ಹೊಟ್ಟೆಕಿಚ್ಚು. ಮುಂದಿನ ತಿರುವಿನಲ್ಲಿ ಎಲೆಕ್ಟ್ರಿಷಿಯನ್ನು. ಅವನನ್ನೂ ದಾಟಿದರು! ಬೇಕರಿ ಅಕ್ಕನ ಪಕ್ಕ ಹಾಯುವಾಗ, "ಪೀ ಪೀ!" ಎಂದು ಕಿರುಚಿದರು. ಆಕೆ ಬಾಯಿ ಬಿಟ್ಟು ನೋಡಿದಳು. ಬೆಂಚುಗಳ ಮೇಲಿದ್ದವರೆಲ್ಲ ಎದ್ದು ನಿಂತು ಕೈ ಬೀಸುತ್ತಿದ್ದರು, ಕೂಗುತ್ತಿದ್ದರು. ಬುಗುರಿ ಬೇಲಿ ಹತ್ತಿ ಎರಡೂ ಕೈ ಆಡಿಸುತ್ತಿದ್ದಳು. ಇನ್ನೂ ಜೋರು ಅಂತಿದ್ದಾಳೆ ನನ್ನ ಮಗಳು! ಮೇಷ್ಟ್ರ ಕಣ್ಣು ಮಂಜಾಯಿತು.

ಇನ್ನು ಉಳಿದದ್ದು ಒಂದೇ ಗಾಡಿ. ಹೆಂಡತಿ. ಕೊನೆಯ ತಿರುವಿನಲ್ಲಿ ಒಳಗಿನಿಂದ ನುಗ್ಗಿ, "ಕ್ಷಮಿಸೇ!" ಎಂದು ಕೂಗಿ ಆಕೆಯನ್ನೂ ದಾಟಿ ರೇಸ್ ಮುಗಿಯುವ ಗೆರೆಯ ಮೇಲೆ ಹಾರಿದರು. ಕೋಚ್ ಸೀಟಿ ಊದುತ್ತ ಗಾಡಿಗೆ ಅಡ್ಡವೇ ಬಂದದ್ದರಿಂದ ನಿಲ್ಲಿಸಬೇಕಾಯಿತು.

ಬಕೆಟ್ಟಿನಿಂದ ಯಾರ ಸಹಾಯವೂ ಇಲ್ಲದೆ ಎದ್ದುಬಂದು, ಹೆಲ್ಮೆಟ್ಟು ಕಿತ್ತು, ಎರಡೂ ಕೈ ಮೇಲೆತ್ತಿ ಒಂದು ಸುತ್ತು ಕುಣಿದರು. "ನೋಡಿದ್ರಾ! ಕೊನೆಯಿಂದ ಮೊದಲಿಗೆ! ಒಬ್ಬರನ್ನೂ ಬಿಡಲಿಲ್ಲ!"

ಕೋಚ್ ಎಂದಿನ ನಗು ಹುಡುಕುತ್ತಿದ್ದಳು, ಸಿಗಲಿಲ್ಲ. "ಸಾರ್, ರೇಸ್ ಆಗಲೇ ಮುಗಿದಿತ್ತು. ನಿಮ್ಮ ಮೂಗಿನ ಮುಂದೆ ಬಾವುಟ ಬೀಸಿದೆ. ಆಮೇಲೆ ಎಲ್ಲರೂ ನಿಧಾನ ಮಾಡಿಕೊಂಡು ವಾಪಸ್ ಬರ್ತಿದ್ರು. ನೀವು ಇನ್ನೊಂದು ಸುತ್ತು ಹೊಡೆದ್ರಿ."

ಮೇಷ್ಟ್ರ ಕೈಗಳು ಮೇಲೆಯೇ ಉಳಿದವು. "ಮತ್ತೆ... ಇವರೆಲ್ಲ ಕೂಗ್ತಿದ್ದದ್ದು?"

"ನಿಲ್ಲಿಸಿ ನಿಲ್ಲಿಸಿ ಅಂತ" ಅಂದ ಸೆಲೂನಿನವನು.

"ಗೆದ್ದವರು ಯಾರು ಹಾಗಾದ್ರೆ?"

"ನಾನೇ ರೀ" ಅಂದಳು ಹೆಂಡತಿ, ಹೆಲ್ಮೆಟ್ಟಿನಿಂದ ಕೂದಲು ಬಿಡಿಸಿಕೊಳ್ಳುತ್ತ. "ಗೆದ್ದು ಆರಾಮಾಗಿ ವಾಪಸ್ ಬರ್ತಿದ್ದೆ. ಯಾರೋ ಹುಚ್ಚ ಬಂದ ಅಂದ್ಕೊಂಡೆ. ನೋಡಿದ್ರೆ ನೀವು."

ಮೇಷ್ಟ್ರು ಎತ್ತಿದ ಕೈಗಳನ್ನು ಕೆಳಗಿಳಿಸಿದರು. "ಹೋಗ್ಲಿ ಬಿಡಿ. ಹಾಗಾದ್ರೆ ನಾನು ಕೊನೆಯವನು, ಅಷ್ಟೇ ತಾನೆ?"

"ಬಾವುಟ ಬೀಸೋವರೆಗೂ ಕೊನೆಯವರಾಗಿದ್ರಿ ಸಾರ್" ಅಂದಳು ಕೋಚ್ ಬಹಳ ಬೇಸರದಿಂದ. "ಮುಗಿದ ಮೇಲೆ ಯಾರನ್ನೂ ಹಿಂದೆ ಹಾಕೋ ಹಾಗಿಲ್ಲ. ನೀವು ಎಲ್ಲರನ್ನೂ ಹಾಕಿದ್ರಿ. ಈಗ ಕೊನೆಯವರ ಲೆಕ್ಕಕ್ಕೂ ನೀವು ಬರಲ್ಲ. ಮುಂದಿನ ಭಾನುವಾರ ಬಾವುಟದ ಪಾಠಕ್ಕೆ ಕೂತರೆ ಮಾತ್ರ ಮತ್ತೆ ಟ್ರ್ಯಾಕಿಗೆ ಬಿಡ್ತೀವಿ. ದೊಡ್ಡವರಿಗೆ ಅಂತ ಬೇರೆ ಕ್ಲಾಸಿಲ್ಲ. ಮಕ್ಕಳ ಜೊತೆಗೇ ಕೂರ್ಬೇಕು."

ಸೆಲೂನಿನವನು, ಎಲೆಕ್ಟ್ರಿಷಿಯನ್ನು, ಬೇಕರಿ ಅಕ್ಕ ಮೂವರೂ ಉಸಿರು ಹಿಡಿದು ಮೇಷ್ಟ್ರ ಮುಖವನ್ನೇ ನೋಡಿದರು. ಈಗ ಬೈಗುಳದ ಮಳೆ ಗ್ಯಾರಂಟಿ.

ಮೇಷ್ಟ್ರು ಹೆಲ್ಮೆಟ್ಟಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿದರು. "ಎಷ್ಟು ಹೊತ್ತಿಗೆ ಬರ್ಲಮ್ಮ?" ಎಂದು ಕೇಳಿದರು.

ವಾಪಸ್ ಬರುವಾಗ ಗೆದ್ದವಳಿಗೆ ಮುಂದಿನ ಸೀಟು ಹೋಯಿತು. ಮೇಷ್ಟ್ರು ವೈರಿನ ಸುರುಳಿಯ ಮೇಲೆ, ಮಗಳಿಗೆ ಅಂಟಿಕೊಂಡು ಕೂತರು. ಅರ್ಧ ದಾರಿ ಬಂದಾಯಿತು. ಆಮೇಲೆ ತಡೆಯಲಾಗದೆ ಅವಳ ಕಿವಿಯ ಹತ್ತಿರ ಬಾಗಿದರು.

"ಏನೇ ಆಗ್ಲಿ ಪುಟ್ಟಾ, ನಾನು ಅವರನ್ನೆಲ್ಲ ಹಿಂದೆ ಹಾಕಿದ್ದಂತೂ ನಿಜ, ಅಲ್ವಾ?"

ಬುಗುರಿ ಬಹಳ ಯೋಚನೆ ಮಾಡಿದಳು. ಅಪ್ಪನಿಗೆ ಬೇಜಾರಾಗಬಾರದು. ಸುಳ್ಳೂ ಹೇಳಬಾರದು.

"ನಿಜ ಅಪ್ಪ" ಅಂದಳು. "ಬೇಕರಿ ಆಂಟಿ ಅಂತೂ ಅಷ್ಟೊತ್ತಿಗೆ ಗಾಡಿ ನಿಲ್ಲಿಸಿ ಹೆಲ್ಮೆಟ್ಟೇ ತೆಗೀತಿದ್ರು."