ಕತ್ತಿನ ಗಂಟಿನ ವಿಚಾರಣೆ

ಯಾರು ಏನು ಹೇಳಿದರೂ ಸುಲಭಕ್ಕೆ ನಂಬದಿರುವುದು ನನ್ನ ಸ್ವಭಾವ. ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಅಂಟಿಕೊಂಡದ್ದು ಇದು. ಪದವಿಯ ಜೊತೆ ಉಚಿತವಾಗಿ ಬಂತು, ಪದವಿಗಿಂತ ಹೆಚ್ಚು ಬಳಕೆಗೂ ಬಂತು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವಂತೆ ಎಂದು ಎದುರುಮನೆಯವರು ಹೇಳಿದರೆ, ನಿಮಗೆ ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಎಂದು ವಿಚಾರಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಬೀದಿಯವರೆಲ್ಲ ಡ್ರಮ್ಮು ತುಂಬಿಸಿಕೊಂಡಿರುತ್ತಾರೆ. ಇಷ್ಟು ವರ್ಷ ಈ ಅಪನಂಬಿಕೆ ಊರವರ ಮೇಲಿತ್ತು. ಐವತ್ತು ದಾಟಿದ ಮೇಲೆ ಅದು ನನ್ನ ಕಡೆಗೇ ತಿರುಗಿದೆ. ಈಗ ನಾನು ಎಲ್ಲಕ್ಕಿಂತ ಹೆಚ್ಚಾಗಿ ಅನುಮಾನಿಸುವುದು ನನ್ನ ಜ್ಞಾಪಕಶಕ್ತಿಯನ್ನು. ಗೇಟಿಗೆ ಬೀಗ ಹಾಕಿದ್ದು ಚೆನ್ನಾಗಿ ನೆನಪಿರುತ್ತದೆ. ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಎಂಬ ಪ್ರಶ್ನೆ ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಏಳುತ್ತದೆ. ಅಲ್ಲಿಂದ ಆರ್.ಟಿ. ನಗರಕ್ಕೆ ವಾಪಸು ತಿರುಗುವುದು ಎಂದರೇನು ಎಂದು ಆ ಸೇತುವೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೂ ತಿರುಗುತ್ತೇನೆ. ಬೀಗ ಹಾಕಿಯೇ ಇರುತ್ತದೆ.

ಇಂಥವನಿಗೆ ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕತ್ತಿನ ಎಡಭಾಗದಲ್ಲಿ, ದವಡೆಯ ಹಿಂದೆ, ನೆನೆಸಿದ ಅವರೆಕಾಳಿನಷ್ಟು ದಪ್ಪದ ಗಂಟೊಂದು ಕೈಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಗಂಟು ಬಂತಲ್ಲ ಎಂದು ಹೆದರುತ್ತಿದ್ದರು. ನನಗೆ ಮೊದಲು ಬಂದ ಯೋಚನೆ, ಇದು ಮೊದಲಿನಿಂದಲೂ ಇತ್ತೇ ಎಂಬುದು. ನನ್ನ ಕತ್ತಿನ ವಿಷಯದಲ್ಲಿ ನನಗೇ ಗಟ್ಟಿ ನೆನಪಿಲ್ಲ. ಹೆಂಡತಿ ಭಾರತಿಯನ್ನು ಕೇಳಿದೆ.

"ನಿಮ್ ಕತ್ತನ್ನ ನಾನ್ಯಾಕ್ರೀ ನೋಡ್ಕೊಂಡಿರ್ಲಿ? ನಂಗೇನ್ ಬೇರೆ ಕೆಲ್ಸ ಇಲ್ವಾ?" ಎಂದು ನಗುತ್ತ ಬಂದವಳು, ಬೆರಳಿಟ್ಟು ನೋಡಿದ ಮೇಲೆ ನಗಲಿಲ್ಲ. "ಇವತ್ತೇ ಡಾಕ್ಟ್ರ ಹತ್ರ ಹೋಗಿ," ಎಂದಳು.

ನಾನು ಅವತ್ತೇ ಹೋಗಲಿಲ್ಲ. ಸಾಕ್ಷ್ಯ ಸಂಗ್ರಹಿಸಬೇಕಿತ್ತು. ಹಳೆಯ ಫೋಟೋ ಆಲ್ಬಮ್ಮುಗಳನ್ನು ಅಟ್ಟದಿಂದ ಇಳಿಸಿ ನನ್ನ ಕತ್ತನ್ನು ಹುಡುಕಿದೆ. ಮದುವೆಯ ಫೋಟೋಗಳಲ್ಲಿ ಕತ್ತೇ ಕಾಣದಷ್ಟು ಹಾರ. ಗೃಹಪ್ರವೇಶದಲ್ಲಿ ಶಲ್ಯ. ನಾನು ಪಾಠ ಮಾಡುವ ಕಾಲೇಜಿನಲ್ಲಿ ನನಗೆ ಸನ್ಮಾನ ಮಾಡಿದ ದಿನ ಹಾರವೂ ಇತ್ತು, ಶಾಲೂ ಇತ್ತು. ನಮ್ಮ ಜನ ಫೋಟೋ ತೆಗೆಯುವುದೇ ಕತ್ತು ಮುಚ್ಚಿದ ಮೇಲೆ ಎಂದು ಆಗ ಗೊತ್ತಾಯಿತು. ಈ ಸಂಶೋಧನೆ ನಡೆಯುತ್ತಿರುವಾಗ ನಮ್ಮ ಜೊತೆಗಿರುವ ಅಮ್ಮ ಅರಿಶಿನಕ್ಕೆ ಸುಣ್ಣ ಕಲೆಸಿ ತಂದು ಗಂಟಿನ ಮೇಲೆ ಮೆತ್ತಿದಳು. ಅಮ್ಮ ಚಿಕ್ಕಬಾಣಾವರ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿ ಹುಟ್ಟಿ ಬೆಳೆದವಳು. "ಇಂಗೆಲ್ಲ ಆಗ್ತದೆ, ಕರಗೋಯ್ತದೆ ಬಿಡು," ಎಂದಳು. ನಾನು ಕೆಂಪು ಕತ್ತಿನಲ್ಲಿ ಪಾಠ ಮಾಡಿ ಬಂದೆ. ಗಂಟು ಕರಗಲಿಲ್ಲ, ಅದರ ಕೆಳಗೆ ಇನ್ನೊಂದು ಸಿಕ್ಕಿತು.

ಕೊನೆಗೆ ನಮ್ಮ ಬೀದಿಯ ಕೊನೆಯಲ್ಲಿರುವ ಡಾಕ್ಟರಮ್ಮನ ಬಳಿಗೆ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯಲ್ಲಿ ಬಹಳ ದೊಡ್ಡವರು. ಯಾವಾಗಿನಿಂದ ಇದೆ ಎಂದು ಕೇಳಿದರು. "ಗಮನಕ್ಕೆ ಬಂದದ್ದು ಇತ್ತೀಚೆಗೆ, ಬಂದದ್ದು ಯಾವಾಗ ಎಂದು ಹೇಳಲಾಗದು," ಎಂದೆ. ಜ್ವರ ಬಂದಿತ್ತಾ? ಬಂದಿದ್ದರೂ ಬಂದಿರಬಹುದು. ತೂಕ ಇಳಿದಿದೆಯಾ? ಮೊದಲಿನ ತೂಕದ ನೆನಪನ್ನು ನಂಬುವ ಹಾಗಿಲ್ಲ. ಅವರು ಪೆನ್ನು ಹಿಡಿದುಕೊಂಡೇ ಇದ್ದರು, ಬರೆಯಲು ಏನೂ ಸಿಗಲಿಲ್ಲ.

"ಸರ್, ಒಂದಕ್ಕಾದ್ರೂ ಹೌದು ಇಲ್ಲ ಅಂತ ಹೇಳಿ. ಮನೇಲಿ ಬೆಕ್ಕಿದ್ಯಾ?"

"ಇಲ್ಲ."

"ಹಸಿ ಮಾಂಸ, ಸರಿಯಾಗಿ ಬೇಯದೇ ಇರೋ ಮಾಂಸ ತಿನ್ನೋ ಅಭ್ಯಾಸ?"

"ಖಂಡಿತ ಇಲ್ಲ," ಎಂದೆ, ಸ್ವಲ್ಪ ಮುಖ ಸಿಂಡರಿಸಿಕೊಂಡು. ಅಷ್ಟೂ ಹೊತ್ತಿನಲ್ಲಿ ನಾನು ಅನುಮಾನವಿಲ್ಲದೆ ಕೊಟ್ಟ ಉತ್ತರಗಳು ಇವೆರಡೇ. ಅವರು ತಕ್ಷಣ ಬರೆದುಕೊಂಡರು.

ಹಲ್ಲಿನ ಸೋಂಕು, ಗಂಟಲಿನ ಸೋಂಕು ಯಾವುದೂ ಅಲ್ಲ ಎಂದಾಯಿತು. ಮಾತ್ರೆ ನುಂಗಿದ್ದಾಯಿತು, ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಗಂಟಿನ ರಸ ತೆಗೆದು ನೋಡಿದ್ದಾಯಿತು. ದುಗ್ಧಗ್ರಂಥಿ, ಅಂದರೆ ಲಿಂಫ್ ಗ್ರಂಥಿ, ಊದಿದೆ, ಕೆಟ್ಟದ್ದೇನೂ ಕಾಣುತ್ತಿಲ್ಲ, ಆದರೆ ಇಷ್ಟರಿಂದಲೇ ಇಲ್ಲವೆಂದು ಹೇಳಲಾಗದು ಎಂದು ವರದಿ ಬಂತು. ಓದಿದೊಡನೆ ಇದು ನನ್ನ ಭಾಷೆ ಎನ್ನಿಸಿತು. ಜೀವನವಿಡೀ ನಾನು ಮಾತಾಡಿದ್ದೇ ಹೀಗೆ; ಬೇರೆಯವರಿಗೆ ಅದರಿಂದ ಎಷ್ಟು ಸಂಕಟವಾಗಿರಬಹುದು ಎಂದು ಮೊದಲ ಸಲ ತಿಳಿಯಿತು. ಒಂದು ಗ್ರಂಥಿಯನ್ನೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸೋಣ ಎಂದು ಸರ್ಜನ್ ದಿನ ಗೊತ್ತುಮಾಡಿದರು. ಕ್ಯಾನ್ಸರ್ ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಆದರೆ ಭಾರತಿ ನನ್ನ ತಟ್ಟೆಗೆ ಕೇಳದೆ ತುಪ್ಪ ಹಾಕತೊಡಗಿದಳು. ಟಿವಿಯ ರಿಮೋಟು ನನ್ನ ಕೈಗೇ ಬರತೊಡಗಿತು. ಇಪ್ಪತ್ತೈದು ವರ್ಷ ಸಿಗದ ಮರ್ಯಾದೆ ಒಮ್ಮೆಗೇ ಸಿಕ್ಕಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ನಾನು ಒಬ್ಬನೇ ಇದ್ದಾಗಲೆಲ್ಲ ಗಂಟನ್ನು ಒತ್ತಿ ಒತ್ತಿ ನೋಡುತ್ತಿದ್ದೆ.

ಆಪರೇಷನ್ನಿಗೆ ಮುಂಚೆ ಕೊನೆಯದಾಗಿ ಡಾಕ್ಟರಮ್ಮನನ್ನು ಕಂಡು ಬರಲು ಹೊರಟಾಗ ಭಾರತಿಯೂ ಬಂದಳು, ಬೇಡವೆಂದರೂ ಅಮ್ಮನೂ ಬಂದಳು. ಡಾಕ್ಟರಮ್ಮ ಹಳೆಯ ಪ್ರಶ್ನೆಗಳನ್ನೇ ಮತ್ತೆ ಮೊದಲಿನಿಂದ ಕೇಳಿದರು. ಜ್ವರದ ವಿಷಯ ಬಂದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಭಾರತಿ, "ಇವರನ್ನ ಕೇಳ್ಬೇಡಿ ಡಾಕ್ಟ್ರೇ. ಯುಗಾದಿ ಆದ್ಮೇಲೆ ಜ್ವರ, ಮೈಕೈ ನೋವು ಅಂತ ಮಲಗಿದ್ರು. ಬಿಸಿಲಿಗೆ ಅಂದ್ಕೊಂಡ್ವಿ," ಎಂದಳು. ನನಗೆ ಅದರ ನೆನಪೇ ಇರಲಿಲ್ಲ. ಬೆಕ್ಕು? ಇಲ್ಲ. ಹಸಿ ಮಾಂಸ?

"ಇಲ್ಲ," ಎಂದೆ, ಮೊದಲಿನ ಗತ್ತಿನಲ್ಲೇ.

"ತಿನ್ನಾಕಿಲ್ಲ ಕಣಮ್ಮ," ಎಂದು ಅಮ್ಮ ನನ್ನ ಪರವಾಗಿ ಸಾಕ್ಷಿ ನುಡಿದಳು. "ಉಪ್ಪು ನೋಡ್ತಾನೆ, ಅಷ್ಟೇಯ."

"ಯಾವುದರ ಉಪ್ಪು ಅಜ್ಜಿ?"

"ಕೈಮಾದ್ದು. ಉಂಡೆ ಕಟ್ಟೋಕೆ ಮುಂಚೆ ಒಂಚೂರು ಬಾಯಿಗಾಕ್ಕೊಂಡು ಉಪ್ಪು ಖಾರ ಸರಿಯಾಗಿ ಅದಾ ಅಂತ ಏಳ್ತಾನೆ."

"ಬೇಯಿಸೋಕೆ ಮುಂಚೆ?"

"ಬೆಂದ್ಮೇಲೆ ನೋಡಿ ಏನ್ ಮಾಡೋದವ್ವ? ಉಂಡೆ ಒಳಕ್ಕೆ ಉಪ್ಪು ಹಾಕಕ್ಕಾಯ್ತದಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಾನು ಸುಳ್ಳು ಹೇಳಿರಲಿಲ್ಲ ಎಂದು ಓದುಗರು ನಂಬಬೇಕು. ನಮ್ಮ ಮನೆಯಲ್ಲಿ ಭಾನುವಾರ ಕೈಮಾ ಉಂಡೆಯ ಸಾರು ಮಾಡುವಾಗ ಕೊಚ್ಚಿದ ಮಾಂಸಕ್ಕೆ ತೆಂಗಿನಕಾಯಿ, ಹುರಿಗಡಲೆ, ಚಕ್ಕೆ ಲವಂಗ ಎಲ್ಲ ಸೇರಿಸಿ ರುಬ್ಬಿದ ಮೇಲೆ, ಉಂಡೆ ಕಟ್ಟುವ ಮೊದಲು ಗಂಡಸೊಬ್ಬ ಬಂದು ಉಪ್ಪು ನೋಡಿ ಹೋಗಬೇಕು. ಅಪ್ಪ ನೋಡುತ್ತಿದ್ದರು. ಅವರು ಹೋದ ಮೇಲೆ ಆ ಹುದ್ದೆ ನನಗೆ ಬಂತು. ತಿನ್ನುವುದು ಎಂದರೆ ತಟ್ಟೆ ಹಾಕಿಕೊಂಡು ಕೂರುವುದು. ಉಪ್ಪು ನೋಡುವುದು ನಿಂತುಕೊಂಡು ಮಾಡುವ ಜವಾಬ್ದಾರಿಯ ಕೆಲಸ. ಎರಡೂ ಹೊಟ್ಟೆಯಲ್ಲಿ ಒಂದೇ ಕಡೆಗೆ ಹೋಗುತ್ತವೆ ಎಂದು ಸಂಖ್ಯಾಶಾಸ್ತ್ರದಲ್ಲಿ ಎಲ್ಲೂ ಹೇಳಿಕೊಟ್ಟಿರಲಿಲ್ಲ.

ಡಾಕ್ಟರಮ್ಮ ಸರ್ಜನ್‌ಗೆ ಫೋನು ಮಾಡಿ ಸ್ವಲ್ಪ ತಡೆಯಲು ಹೇಳಿ, ರಕ್ತಪರೀಕ್ಷೆಗೆ ಬರೆದುಕೊಟ್ಟರು. ಟಾಕ್ಸೋಪ್ಲಾಸ್ಮೋಸಿಸ್ ಎಂದು ಬಂತು. ಬೇಯದ ಮಾಂಸದಿಂದಲೋ ಬೆಕ್ಕಿನ ಹೇಲು ಸೇರಿದ ಮಣ್ಣಿನಿಂದಲೋ ಮೈಗೆ ಸೇರುವ ಒಂದು ಸಣ್ಣ ಪರಾವಲಂಬಿಯ ಕಾಟ. ರಕ್ತದಲ್ಲಿ ಅದು ಇತ್ತೀಚೆಗೆ ಬಂದ ಗುರುತಿದೆ, ಸೂಜಿಯ ವರದಿಯೂ ಅದಕ್ಕೆ ಹೊಂದುತ್ತದೆ ಎಂದರು. "ಬಸುರಿಯರಿಗೆ, ಮೈಯಲ್ಲಿ ಶಕ್ತಿ ಇಲ್ಲದವರಿಗೆ ಇದು ಕಷ್ಟ. ನಿಮಗೆ ಔಷಧಿನೂ ಬೇಡ ಸರ್, ನಿಧಾನಕ್ಕೆ ತಾನಾಗೇ ಇಳಿಯತ್ತೆ. ಇಳಿಯೋದನ್ನ ನಾನು ನೋಡ್ತಾ ಇರ್ತೀನಿ. ದಯವಿಟ್ಟು ನೀವು ಮಾತ್ರ ಅದನ್ನ ಒತ್ತಿ ಒತ್ತಿ ನೋಡ್ಬೇಡಿ." ಭಾರತಿ ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಇನ್ನೊಂದು ಪ್ರಯೋಗಾಲಯದಲ್ಲೂ ಪರೀಕ್ಷೆ ಮಾಡಿಸಿದರೆ ಹೇಗೆ ಎಂದೆ. ಇಬ್ಬರೂ ನನ್ನನ್ನು ಹೇಗೆ ನೋಡಿದರೆಂದರೆ, ನಾನು ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಂಡೆ.

ಮನೆಗೆ ಬಂದು ವಿಷಯ ಹೇಳಿದ ಮೇಲೆ ಮಂಕಾದವಳು ಅಮ್ಮ. "ನಾನೇ ಕೈಯಾರೆ ತಿನ್ನಿಸಿದ್ನಲ್ಲಪ್ಪ," ಎಂದು ಕೂತಳು. ಅದರಿಂದಲೇ ಬಂತೆಂದು ಸಾಧಿಸಲಾಗದಮ್ಮ, ಸೊಪ್ಪಿನಿಂದ ಬಂದಿರಬಹುದು, ನೀರಿನಿಂದ ಬಂದಿರಬಹುದು ಎಂದು ನನ್ನ ಸಂದೇಹಗಳನ್ನೆಲ್ಲ ಅವಳ ಮುಂದೆ ಸುರಿದೆ. ಜೀವನದಲ್ಲಿ ಮೊದಲ ಸಲ ಅವು ಒಂದು ಒಳ್ಳೆಯ ಕೆಲಸಕ್ಕೆ ಒದಗಿದ್ದವು; ಅಮ್ಮ ಒಂದನ್ನೂ ನಂಬಲಿಲ್ಲ. ಎಷ್ಟೋ ಭಾನುವಾರ ಕೈಮಾ ಮನೆಗೆ ಬರಲೇ ಇಲ್ಲ. ಭಾರತಿಯ ಒತ್ತಾಯಕ್ಕೆ ಕೊನೆಗೊಮ್ಮೆ ಉಂಡೆ ಸಾರು ಮಾಡಿದಾಗ ನಾನು ಹಾಲ್‌ನಲ್ಲಿ ಪೇಪರು ಹಿಡಿದುಕೊಂಡು ಕಿವಿಯನ್ನು ಅಡುಗೆಮನೆಯಲ್ಲಿಟ್ಟು ಕೂತಿದ್ದೆ. ಯಾರೂ ಕರೆಯಲಿಲ್ಲ. ಊಟಕ್ಕೆ ಕೂತು ಉಂಡೆ ಮುರಿದು ಬಾಯಿಗಿಟ್ಟರೆ ಉಪ್ಪು ಹದವಾಗಿತ್ತು.

"ನಾನು ನೋಡದೆ ಉಪ್ಪು ಹೇಗಮ್ಮ ಸರಿಯಾಯ್ತು?"

"ನೀನ್ ಯಾವತ್ ಸರಿಯಾಗ್ ಏಳಿದ್ದೆ? ಕಮ್ಮಿ ಇರ್ಬೋದು, ಜಾಸ್ತಿನೂ ಇರ್ಬೋದು ಅಂತಿದ್ದೆ. ನಾನು ನನ್ನ ಪಾಡಿಗೆ ಹಾಕ್ತಿದ್ದೆ."

"ಮತ್ತೆ ಪ್ರತಿ ವಾರ ಯಾಕೆ ಕರೀತಿದ್ದೆ?"

ಅಮ್ಮ ಸೌಟಿನಲ್ಲಿ ಇನ್ನೊಂದು ಉಂಡೆ ತೆಗೆದು ನನ್ನ ತಟ್ಟೆಗೆ ಹಾಕಿದಳು. "ಅಡುಗೆಮನೆ ಕಡೆ ನೀನು ಬರೋದು ಅದೊಂದಕ್ಕೇ ಅಲ್ವೇನೋ," ಎಂದಳು.

ಇದಕ್ಕೆ ಸಾಕ್ಷಿ ಏನು ಎಂದು ನಾನು ಕೇಳಲಿಲ್ಲ. ಆ ಮುಂದಿನ ಭಾನುವಾರದಿಂದ ಕರೆಯದೆಯೇ ಒಳಗೆ ಹೋಗಿ ಕೂರುತ್ತೇನೆ. ಉಪ್ಪಿನ ಖಾತೆ ವಾಪಸು ಸಿಗಲಿಲ್ಲ. ಬೆಳ್ಳುಳ್ಳಿ ಸುಲಿಯುವ ಕೆಲಸ ಕೊಟ್ಟಿದ್ದಾರೆ. ನಾನು ಸುಲಿದದ್ದರಲ್ಲಿ ಸಿಪ್ಪೆ ಉಳಿದಿರುತ್ತದೆಂದು ಅತ್ತೆ ಸೊಸೆ ಇಬ್ಬರೂ ದೂರುತ್ತಾರೆ, ಪುನಃ ಪುನಃ ಸುಲಿಸುತ್ತಾರೆ. ಕತ್ತಿನ ಗಂಟು ಇಳಿಯುತ್ತಿದೆ ಎಂದು ಭಾರತಿ ಹೇಳುತ್ತಾಳೆ. ಒತ್ತಿ ನೋಡಿ ಖಾತ್ರಿ ಮಾಡಿಕೊಳ್ಳೋಣವೆಂದರೆ ಕೈಗೆ ಬಿಡುವಿಲ್ಲ.